ಮನೆಮಂದಿಯೆಲ್ಲ ಕೂತು ಆಡುವ ಆಟ

ಆಟದ ಡಬ್ಬಿಗಳ ಮೇಲೆ ಅಚ್ಚು ಹಾಕಿರುವ ಆ ಸಂಸಾರವನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಒಬ್ಬ ಅಪ್ಪ, ಒಬ್ಬಳು ಅಮ್ಮ, ಒಂದು ಗಂಡು, ಒಂದು ಹೆಣ್ಣು. ನಾಲ್ವರೂ ಬಾಯಿ ತೆರೆದು ನಗುತ್ತಿರುತ್ತಾರೆ. ಬೋರ್ಡು ನಡುವೆಯೇ ಇದ್ದರೂ ಒಬ್ಬರ ಕಣ್ಣೂ ಅದರ ಮೇಲಿರುವುದಿಲ್ಲ. ನಾನು ಸಣ್ಣವಳಿದ್ದಾಗಿನಿಂದ ಆಡುವವರನ್ನು ನೋಡಿದ್ದೇನೆ, ಯಾರೂ ಹಾಗೆ ನಗುವುದಿಲ್ಲ. ಆಡುವಾಗ ಮನುಷ್ಯರ ಮುಖ ಸಣ್ಣದಾಗುತ್ತದೆ, ಮೂಗಿನ ಹೊಳ್ಳೆ ಅಗಲವಾಗುತ್ತದೆ, ದಾಳ ಹಾಕುವ ಮುಂಚೆ ಬಾಯಲ್ಲೇ ಏನೋ ಗೊಣಗುತ್ತಾರೆ. ಡಬ್ಬಿಯ ಮೂಲೆಯಲ್ಲಿ ಎಂಟರಿಂದ ತೊಂಬತ್ತೊಂಬತ್ತು ವರ್ಷದವರಿಗೆ ಎಂದು ಬೇರೆ ಬರೆದಿರುತ್ತಾರೆ. ನೂರು ತುಂಬಿದ ಬೆಳಿಗ್ಗೆ ಅಜ್ಜಿಯ ರಟ್ಟೆ ಹಿಡಿದು ಆಟದಿಂದ ಎಬ್ಬಿಸಬೇಕೋ ಏನೋ.

ಎರಡು ವರ್ಷದಲ್ಲಿ ಇಂಥ ಡಬ್ಬಿಗಳ ಮುಂದೆ ನಾನು ಎಷ್ಟು ಭಾನುವಾರ ನಿಂತಿದ್ದೇನೋ ಲೆಕ್ಕವಿಲ್ಲ. ನಾವಿರುವುದು ಪುಣೆಯ ಖರಾಡಿಯಲ್ಲಿ, ಹದಿನಾಲ್ಕನೆಯ ಮಹಡಿಯಲ್ಲಿ. ನಾನು, ಮೈಸೂರು ಕಡೆಯ ಗಂಡ, ಹತ್ತು ವರ್ಷದ ಮಗಳು. ಆಟದ ಅಂಗಡಿ ಇರುವುದು ಹಡಪಸರದ ಒಂದು ಮಾಲಿನಲ್ಲಿ. ದಾರಿಯಲ್ಲಿ ಸಿಕ್ಕಿಹಾಕಿಕೊಂಡು, ಟೆಂಪೋಗಳ ಹೊಗೆ ಕುಡಿದು, ಒಳಗೆ ಕಾಲಿಡುವ ಹೊತ್ತಿಗೆ ನನ್ನ ಅರ್ಧ ತಾಳ್ಮೆ ಮುಗಿದಿರುತ್ತಿತ್ತು. ಉಳಿದರ್ಧವನ್ನು ಅಲ್ಲಿನ ಹೊಸ ಪ್ಲಾಸ್ಟಿಕ್ಕಿನ ವಾಸನೆ ಮುಗಿಸುತ್ತಿತ್ತು. ತೋರಿಸಲೆಂದು ತೆರೆದಿಟ್ಟ ಬೋರ್ಡುಗಳ ಮೇಲೆ ಯಾರ್‍ಯಾರದೋ ಮಕ್ಕಳ ಬೆರಳಿನ ಚಿಪ್ಸಿನ ಎಣ್ಣೆ ಅಂಟಿರುತ್ತಿತ್ತು. ಮುಟ್ಟಿದರೆ ಕೈ ತೊಳೆದುಕೊಳ್ಳಬೇಕು ಅನಿಸುತ್ತಿತ್ತು.

ಆದರೂ ಹೋಗುತ್ತಿದ್ದೆ. ಮನೆಮಂದಿಯೆಲ್ಲ ಕೂತು ಆಡುವಂಥ ಒಂದು ಆಟ ನನಗೆ ಬೇಕಿತ್ತು. ಮಗಳು ಗೆದ್ದಾಗ ಕೂಗಬೇಕು, ಸೋಫಾದ ಮೇಲೆ ಹತ್ತಿ ಕುಣಿಯಬೇಕು. ಗೆಲ್ಲುವುದಕ್ಕೆ ಅವಳು ಹೆದರಬಾರದು. ನನ್ನ ಆಸೆ ಅಷ್ಟೇ. ನಾನು ಹುಟ್ಟಿ ಬೆಳೆದ ಮನೆಯಲ್ಲಿ ಅದೊಂದು ಇರಲಿಲ್ಲ.

ಧಾರವಾಡದ ಆ ಮನೆಯಲ್ಲಿ ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಚೌಕಾಬಾರ ನಡೆಯುತ್ತಿತ್ತು. ಪಡಸಾಲೆಯ ಕಲ್ಲುಹಾಸಿನ ಮೇಲೆ ಸೀಮೆಸುಣ್ಣದಲ್ಲಿ ಇಪ್ಪತ್ತೈದು ಮನೆ ಬರೆಯುವುದು ನನ್ನ ಕೆಲಸ. ನಾಲ್ಕು ಕವಡೆ, ಕಾಯಿಗಳಿಗೆ ಹುಣಸೆ ಬೀಜ ಮತ್ತು ಒಡೆದ ಬಳೆಯ ಚೂರು. ಎದುರಿನವರ ಒಂದು ಕಾಯನ್ನಾದರೂ ಹೊಡೆದು ಹೊರಗೆ ಕಳಿಸಿದರೆ ಮಾತ್ರ ಒಳಸುತ್ತಿಗೆ ದಾರಿ, ನಟ್ಟನಡುವಿನ ಮನೆ ಸೇರಿದ ಕಾಯಿ ಹಣ್ಣು. ಅಪ್ಪನ ಕಾಯನ್ನು ಮಾತ್ರ ನಮ್ಮಲ್ಲಿ ಯಾರೂ ಹೊಡೆಯುತ್ತಿರಲಿಲ್ಲ.

ಹೊಡೆದರೆ ಅಪ್ಪ ಬಯ್ಯುತ್ತಿದ್ದನೇ? ಇಲ್ಲ. “ಆಟ ಅಂದಮ್ಯಾಲೆ ಇದೆಲ್ಲಾ ಇರೂದ” ಎಂದು ನಗುತ್ತಲೇ ಎದ್ದು ಹೋಗುತ್ತಿದ್ದ. ಆಮೇಲೆ ರಾತ್ರಿ ಊಟಕ್ಕೆ ಕೂತಾಗ ಸಾರಿಗೆ ಉಪ್ಪು ಹೆಚ್ಚಾಗಿರುತ್ತಿತ್ತು, ರೊಟ್ಟಿ ಕರಕಾಗಿರುತ್ತಿತ್ತು, ನೀರಿನ ತಂಬಿಗೆ ಎಡಗಡೆ ಇಟ್ಟದ್ದು ತಪ್ಪಾಗಿರುತ್ತಿತ್ತು. ತಟ್ಟೆ ಸರಿಸಿ ಏಳುತ್ತಿದ್ದ. ಮುಂದಿನ ಮೂರು ದಿನ ಯಾರೊಂದಿಗೂ ಮಾತಿಲ್ಲ. ನಾವೆಲ್ಲ ಬೆಕ್ಕಿನಂತೆ ಹೆಜ್ಜೆ ಇಟ್ಟು ತಿರುಗಬೇಕು.

ಹಾಗಾಗಿ ಅವ್ವ ನನಗೆ ಸೋಲುವುದನ್ನು ಕಲಿಸಿದಳು. ಅದೂ ಒಂದು ವಿದ್ಯೆ. ಬೇಕೆಂದೇ ಸೋತದ್ದು ಎದುರಿನವರಿಗೆ ಗೊತ್ತಾಗಬಾರದು. ಹೊಡೆಯುವ ಗರ ಬಿದ್ದಾಗ ಬೇರೆ ಕಾಯಿ ನಡೆಸಬೇಕು, ನಡೆಸಿ ಕೈಬಿಟ್ಟ ಮೇಲೆ ಅಯ್ಯೋ ನೋಡಲೇ ಇಲ್ಲವಲ್ಲ ಎಂದು ಹಣೆ ಬಡಿದುಕೊಳ್ಳಬೇಕು. ಎಂಟನೆಯ ವಯಸ್ಸಿಗೆ ನಾನು ಅದರಲ್ಲಿ ಪಳಗಿದ್ದೆ. “ಈಕಿಗೆ ತಲೀನ ಇಲ್ಲ” ಎಂದು ಅಪ್ಪ ಹಿಗ್ಗುತ್ತಿದ್ದ. ಬಂದವರ ಮುಂದೆ “ಈ ಮನ್ಯಾಗ ನನ್ನ ಸೋಲ್ಸಾವ್ರು ಇನ್ನೂ ಹುಟ್ಟಿಲ್ಲರಿ” ಎನ್ನುತ್ತಿದ್ದ. ನಾನೂ ಅವ್ವನೂ ಹಿಂದೆ ನಿಂತು ಹೌದೆಂದು ತಲೆಯಾಡಿಸುತ್ತಿದ್ದೆವು. ಅಪ್ಪ ಹೋಗಿ ಆರು ವರ್ಷವಾಯಿತು. ಇಡೀ ಓಣಿಗೆ ತಾನೇ ದೊಡ್ಡ ಆಟಗಾರ ಎಂದು ನಂಬಿಕೊಂಡೇ ಹೋದ.

ನನ್ನ ಮನೆಯಲ್ಲಿ ಈ ಹೊಲಸು ಬರಕೂಡದು ಎಂದು ಹಟ ಹಿಡಿದಿದ್ದೆ. ಅದಕ್ಕೆ ಸರಿಯಾದ ಆಟ ಆರಿಸಿದರೆ ಸಾಕು ಎಂದು ತಿಳಿದಿದ್ದೆ. ನನ್ನ ಉದ್ಯೋಗವೂ ಅಂಥದ್ದೇ. ಬೇರೆಯವರು ಬರೆದ ಸಾಫ್ಟ್‌ವೇರಿನಲ್ಲಿ ತಪ್ಪು ಹುಡುಕುವ ಟೆಸ್ಟರ್ ನಾನು. ತಪ್ಪಿರುವುದು ಸರಕಿನಲ್ಲಿ ಎಂದೇ ನನ್ನ ತಲೆ ಓಡುತ್ತದೆ.

ಮೊದಲು ತಂದದ್ದು ಊರುಗಳನ್ನು ಕೊಂಡು, ಮನೆ ಕಟ್ಟಿ, ಬಾಡಿಗೆ ವಸೂಲು ಮಾಡುವ ಆಟ. ಆಗ ಮಗಳಿಗೆ ಎಂಟು. ನಮ್ಮ ಅಪಾರ್ಟ್‌ಮೆಂಟ್ ಸೊಸೈಟಿಯ ಲಿಫ್ಟಿನಲ್ಲಿ ವಾರವಿಡೀ ಫ್ಲ್ಯಾಟಿನ ದರದ ಮಾತು ಕೇಳಿ ಕೇಳಿ ಕಿವಿ ತುಂಬಿರುತ್ತದೆ. ಭಾನುವಾರವೂ ಅದನ್ನೇ ಬಣ್ಣದ ಕಾಗದದ ನೋಟು ಹಿಡಿದು ಆಡಬೇಕಾಯಿತು. ನಾನು ಮೂರು ಸಲ ಮಗಳ ಊರಿಗೇ ಹೋಗಿ ಬಿದ್ದೆ. ಮೂರನೆಯ ಸಲ ಅವಳು ಮೊಣಕಾಲ ಮೇಲೆ ಎದ್ದು “ಅಮ್ಮಾ, ಬಾಡಿಗೆ!” ಎಂದು ಕಿರುಚಿ ಕೈ ಚಾಚಿದಳು. ಆ ಪುಟ್ಟ ಅಂಗೈ ನೋಡಿ ನನಗೆ ಅಸಹ್ಯವಾಯಿತು. ಹುಡುಗಿಗೆ ಈ ವಯಸ್ಸಿಗೇ ಇಷ್ಟು ದುರಾಸೆ ಕಲಿಸುವ ಆಟ ಬೇಡವೇ ಬೇಡ ಎಂದು ಬೋರ್ಡು ಮಡಚಿಬಿಟ್ಟೆ.

“ಆಟ ಇನ್ನೂ ಮುಗ್ದಿಲ್ಲ ಕಣೇ” ಅಂದರು ಗಂಡ.

“ಮುಗೀತು” ಅಂದೆ. ಮಗಳ ಕೈ ಇನ್ನೂ ಚಾಚಿಯೇ ಇತ್ತು.

ಆಮೇಲೆ ಅಕ್ಷರದ ಬಿಲ್ಲೆಗಳನ್ನು ಜೋಡಿಸಿ ಶಬ್ದ ಮಾಡುವ ಆಟ ತಂದೆ. ಕನ್ನಡದವರು, ಮರಾಠಿ ಊರಿನಲ್ಲಿ ಕೂತು, ಇಂಗ್ಲಿಷ್ ಅಕ್ಷರಗಳಿಗಾಗಿ ಕಿತ್ತಾಡುವ ಭಾಗ್ಯ. ನನ್ನ ಗಂಡ ಯಾರೂ ಆಡದ, ಯಾರೂ ಬರೆಯದ ಎರಡಕ್ಷರದ ಶಬ್ದಗಳ ಪಟ್ಟಿಯನ್ನು ಫೋನಿನಲ್ಲಿ ನೋಡಿ ಬಾಯಿಪಾಠ ಮಾಡಿಕೊಂಡು ಬಂದರು. ಒಂದೊಂದನ್ನೂ ಇಡುವಾಗ ಹುಬ್ಬು ಮೇಲೇರುತ್ತಿತ್ತು. ಎಂಜಿನಿಯರಿಂಗ್ ಓದಿದ ಗಂಡಸು ಹೀಗೆ ಹುಬ್ಬು ಕುಣಿಸುವುದನ್ನು ನೋಡಿಕೊಂಡು ಇನ್ನೂ ಎಷ್ಟು ವರ್ಷ ಸಂಸಾರ ಮಾಡಬೇಕೋ ಅನಿಸಿತು. ಮಗಳು ಒಂದು ಉದ್ದನೆಯ ಶಬ್ದ ಇಟ್ಟಳು. ಅಂಥ ಶಬ್ದವೇ ಇಲ್ಲ ಎಂದೆ. ನೋಡಿದರೆ ಇತ್ತು. ಫೋನ್ ಹಿಡಿದು ಆಡುವುದು ಆಟವೇ ಅಲ್ಲ ಎಂದು ಎದ್ದೆ. ಮಾರನೆಯ ದಿನ ಆ ಡಬ್ಬಿ ಸೊಸೈಟಿಯ ಲೈಬ್ರರಿಯ ಕಪಾಟು ಸೇರಿತು. ಅಲ್ಲಿ ಮೊದಲಿನದೂ ಇತ್ತು.

ಮೂರನೆಯ ಸಲ ಅಂಗಡಿಯ ಕೆಲಸದ ಹೆಂಗಸು ತಾನೇ ಆರಿಸಿಕೊಟ್ಟಳು. “ತಾಈ, ಯಾತ್ ಭಾಂಡಣಚ್ ಹೋತ್ ನಾಹೀ” ಅಂದಳು. ಇದರಲ್ಲಿ ಜಗಳವೇ ಆಗುವುದಿಲ್ಲ ಅಕ್ಕಾ, ಎಂದು. ಕಾಡಿಗೆ ಬೆಂಕಿ ಬಿದ್ದಿದೆ, ಎಲ್ಲರೂ ಕೂಡಿ ಆರಿಸಬೇಕು, ಆರಿದರೆ ಎಲ್ಲರೂ ಗೆದ್ದಂತೆ, ಇಲ್ಲವಾದರೆ ಎಲ್ಲರೂ ಸೋತಂತೆ. ನನಗೆ ಬೇಕಾದದ್ದು ಸಿಕ್ಕಿತು ಎಂದುಕೊಂಡೆ. ಆಟ ಶುರುವಾಗಿ ಅರ್ಧ ಗಂಟೆಯಲ್ಲಿ ಮೂವರ ಕಾಯಿಗಳನ್ನೂ ನಾನೊಬ್ಬಳೇ ನಡೆಸುತ್ತಿದ್ದೆ. ಗಂಡ ಗೋಡೆಗೆ ಒರಗಿ “ನೀನೇ ಆಡ್ಕೋ” ಎಂದು ಚಹಾ ಕುಡಿಯುತ್ತಿದ್ದರು. ಕಾಡು ಪೂರಾ ಸುಟ್ಟುಹೋಯಿತು. ಯಾವ ಸುತ್ತಿನಲ್ಲಿ, ಯಾರು ನೀರಿನ ಬಿಲ್ಲೆ ದಂಡ ಮಾಡಿದ್ದರಿಂದ ಸುಟ್ಟಿತು ಎಂದು ನಾನು ಮಗಳಿಗೆ ಬಿಡಿಸಿ ಹೇಳಿದೆ. ಅವಳು ಚಾಪೆಯ ಎಳೆ ಕೀಳುತ್ತ ಕೇಳಿಸಿಕೊಂಡಳು. ನಿಯಮಗಳನ್ನು ಎಷ್ಟು ಕೆಟ್ಟದಾಗಿ ಬರೆದಿದ್ದಾರೆ ಎಂದು ಆ ಡಬ್ಬಿಯನ್ನೂ ಬಯ್ದೆ.

“ಕುಣೀಲಾರದವ್ಳು ನೆಲ ಡೊಂಕು ಅಂದ್ಲಂತೆ” ಅಂದರು ಗಂಡ.

“ನೆಲಾ ನೀವು ಸರಿ ಮಾಡ್ರಿ ಹಂಗಾರ” ಅಂದೆ. ಆ ಗಾದೆ ನನಗೆ ತಟ್ಟಲಿಲ್ಲ. ಗಂಡಂದಿರು ಗಾದೆ ಹೇಳುವುದು ಕೆಲಸ ತಪ್ಪಿಸಿಕೊಳ್ಳಲಿಕ್ಕೆ ಎಂದಷ್ಟೇ ತಿಳಿದೆ.

ಆ ವರ್ಷದ ಗಣಪತಿ ಹಬ್ಬಕ್ಕೆ ಸೊಸೈಟಿಯ ಕ್ಲಬ್‌ಹೌಸಿನಲ್ಲಿ ಮನೆಮನೆಯವರಿಗೆ ಲೂಡೋ ಪಂದ್ಯ ಇಟ್ಟಿದ್ದರು. ಅಂಟಂಟು ದಾಳ, ಮೋದಕದ ತುಪ್ಪ ಮೆತ್ತಿದ ಕಾಯಿಗಳು, ಮೈಕಿನಲ್ಲಿ ಕೂಗಾಟ. ನಮ್ಮ ಎದುರಿನ ಮೇಜಿನಲ್ಲಿ ಒಬ್ಬ ಮರಾಠಿ ಗೃಹಸ್ಥ ತನ್ನ ಮಗಳಿಗೆ ಸೋತ. ಸೋತವನು ಎದ್ದು, ಕೂಗಿ, ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ಇಡೀ ಹಾಲ್ ಸುತ್ತಿದ. ಜನರ ಮುಂದೆ ಎಂಥ ನಾಟಕ. ಮನೆಗೆ ಹೋದ ಮೇಲೆ ಆ ಹುಡುಗಿಯ ಗತಿ ಏನೋ ಅಂದುಕೊಂಡೆ. “ಆತ ನಿಜವಾಗ್ಲೂ ಖುಷಿಯಾಗಿದ್ದ ಕಣೇ” ಅಂದರು ಗಂಡ. ನಾನು ನಂಬಲಿಲ್ಲ. ಮೇಲೆ ಬರುವಾಗ ಲಿಫ್ಟಿನಲ್ಲಿ ಮಗಳು ಕೇಳಿದಳು: “ಆ ಅಂಕಲ್‌ಗೆ ಸೋತ್ರೂ ಪರವಾಗಿಲ್ವಾ ಅಮ್ಮ?” ನಾಟಕ ಅದು ಅಂದೆ.

ಕೊನೆಗೆ ನಾನು ಆರಿಸಿದ್ದು ಹಾವು ಏಣಿ. ಬುದ್ಧಿಗೆ ಕೆಲಸವಿಲ್ಲ, ಶಬ್ದ ಜೋಡಿಸುವ ಗೋಜಿಲ್ಲ, ನೋಟಿಲ್ಲ, ಎಲ್ಲ ದಾಳದ ಕೈಯಲ್ಲಿ. ಸೋತರೆ ಯಾರನ್ನೂ ಬಯ್ಯುವಂತಿಲ್ಲ. ಇದು ಮನೆಗೆ ಹಿಡಿಸಿತು. ಭಾನುವಾರ ನಾಲ್ಕು ಗಂಟೆಗೆ ಮೂವರೂ ಕೂರುತ್ತಿದ್ದೆವು, ಜಗಳವಿಲ್ಲದೆ ಏಳುತ್ತಿದ್ದೆವು. ಹೆಚ್ಚಾಗಿ ನಾನೇ ಗೆಲ್ಲುತ್ತಿದ್ದೆ, ತಪ್ಪಿದರೆ ಗಂಡ. ದಾಳ ನನ್ನ ಮಾತು ಕೇಳುತ್ತದೆ ಎಂದು ಆಫೀಸಿನಲ್ಲಿ ಹೇಳಿಕೊಂಡೆ ಕೂಡ. ಥೂ.

ದೀಪಾವಳಿಗೆ ಅವ್ವ ಧಾರವಾಡದಿಂದ ಬಂದಳು. ನನ್ನ ಅಣ್ಣನ ಮನೆಯಲ್ಲಿ ಇರುವವಳು, ವರ್ಷಕ್ಕೊಮ್ಮೆ ನನ್ನಲ್ಲಿಗೆ ಬರುತ್ತಾಳೆ. ಭಾನುವಾರ ಆಟಕ್ಕೆ ಕರೆದರೆ “ನಾ ಒಲ್ಲೆವಾ, ನಾ ಆಡೂದೆಲ್ಲಾ ಆಡಿ ಮುಗಿಸೇನಿ” ಎಂದು ಮಗ್ಗುಲಲ್ಲಿ ಕೂತು ನೋಡತೊಡಗಿದಳು. ನಾನು ಎಂಬತ್ತರ ಸಾಲಿನಲ್ಲಿದ್ದೆ. ಮಗಳ ಕಾಯಿ ತೊಂಬತ್ತಾರರಲ್ಲಿತ್ತು. ತೊಂಬತ್ತೊಂಬತ್ತರಲ್ಲಿ ದೊಡ್ಡ ಹಾವಿನ ಬಾಯಿ, ನೂರಕ್ಕೆ ಗೆಲುವು. ಅವಳಿಗೆ ನಾಲ್ಕು ಬಿತ್ತು. ಗೆದ್ದಳು ಎಂದುಕೊಂಡೆ. ಅವಳು ದಾಳ ನೋಡಿದಳು, ನನ್ನ ಮುಖ ನೋಡಿದಳು. ಆಮೇಲೆ ತಾನು ನಿಂತ ಮನೆಯನ್ನೇ ಒಂದು ಎಂದು ಬೆರಳಿಟ್ಟು ಎಣಿಸಿ, ನಾಲ್ಕಕ್ಕೆ ಸರಿಯಾಗಿ ಹಾವಿನ ಬಾಯಿಗೆ ಕಾಯಿ ಇಟ್ಟು “ಅಯ್ಯೋ!” ಎಂದು ಹಣೆ ಬಡಿದುಕೊಂಡಳು.

ಅಂಗನವಾಡಿ ಮಕ್ಕಳು ಮಾಡುವ ತಪ್ಪು. ನನ್ನ ಕಣ್ಣಿಗೆ ಬಿತ್ತು. ಬಿದ್ದರೂ ಸುಮ್ಮನಿದ್ದೆ. ಅವರವರ ಕಾಯಿ ಅವರವರೇ ಎಣಿಸಬೇಕು ಎಂದು ಒಳಗೊಳಗೇ ನ್ಯಾಯ ಹೇಳಿಕೊಂಡೆ. ನಾಲ್ಕು ಸುತ್ತಿನಲ್ಲಿ ಗೆದ್ದೆ.

ಆಮೇಲೆ ಅಡುಗೆಮನೆಯಲ್ಲಿ ಅವ್ವ ಮೆಂತ್ಯದ ಸೊಪ್ಪು ಬಿಡಿಸುತ್ತ ಕೂತಿದ್ದಳು. ತಲೆ ಎತ್ತದೆಯೇ ಅಂದಳು: “ಹುಡುಗಿ ಭಾಳ ಶಾಣ್ಯಾಕಿ ಅದಾಳ.”

“ಗಣಿತದಾಗ ಮುಂದ ಅದಾಳ” ಅಂದೆ ನಾನು.

“ಗಣಿತದ್ದಲ್ಲ, ಸೋಲೂದರದ್ದು ಹೇಳಾಕತ್ತೇನಿ. ನೀ ಇಷ್ಟು ಚಂದ ಸೋಲತಿದ್ದಿಲ್ಲ. ನಿನ್ನ ಮಾರಿ ಮ್ಯಾಲೆ ಗೊತ್ತಾಗಿಬಿಡ್ತಿತ್ತು.”

ನನಗೆ ಸಿಟ್ಟು ನೆತ್ತಿಗೇರಿತು. “ನೀನ ಹೇಳಿಕೊಟ್ಟಿ! ಬಂದು ಎಂಟ ದಿನ ಆಗಿಲ್ಲ, ನನ್ನ ಮನ್ಯಾಗೂ ಸುರು ಮಾಡಿದಿ!” ಎಂದು ಕೂಗಿದೆ. ಗಂಡ ಬಾಗಿಲವರೆಗೆ ಬಂದು ಇಣುಕಿ ಹಿಂದಕ್ಕೆ ಹೋದರು.

ಅವ್ವ ಸೊಪ್ಪಿನ ಕಡ್ಡಿಗಳನ್ನು ಒಂದು ಕಡೆ ಸರಿಸಿದಳು. “ಎಂಟ ದಿನದಾಗ ಬರೂ ವಿದ್ಯಾ ಅಲ್ಲವಾ ಇದು. ನಿನಗ ನಾ ಕಲಿಸಿದ್ದೆ, ಹೌದು. ನಿಮ್ಮಪ್ಪಗ ಹೆದರಿ ಕಲಿಸಿದೆ. ಈಕಿ ತಾನ ಕಲ್ತಾಳ.”

ನಾನೇನು ತಟ್ಟೆ ಸರಿಸಿದ್ದೆನೇ, ಮೂರು ದಿನ ಮಾತು ಬಿಟ್ಟಿದ್ದೆನೇ ಎಂದು ಕೇಳಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಒಂದೊಂದೇ ನೆನಪಾಗತೊಡಗಿತು. ಬಾಡಿಗೆಯ ಆಟ ಮಡಚಿದ ದಿನ ಫ್ರಿಜ್ ಖಾಲಿ ಮಾಡಿ, ಡಬ್ಬಿಗಳನ್ನು ಕುಕ್ಕಿ ಕುಕ್ಕಿ ತೊಳೆದಿದ್ದೆ. ಶಬ್ದದ ಆಟದ ಸಂಜೆ ಮಗಳ ಶಾಲೆಯ ಪುಸ್ತಕಗಳನ್ನೆಲ್ಲ ತರಿಸಿ, ಅಕ್ಷರ ಸರಿಯಿಲ್ಲ ಎಂದು ನಾಲ್ಕು ಪುಟ ಮತ್ತೆ ಬರೆಸಿದ್ದೆ. ಕಾಡು ಸುಟ್ಟ ದಿನ ಅವಳ ಕೂದಲಿಗೆ ಎಣ್ಣೆ ಹಚ್ಚಿ ಬಾಚಿದ್ದೆ, ಸಿಕ್ಕು ಬಿಡಿಸುವ ನೆಪದಲ್ಲಿ ಅವಳ ತಲೆ ಹಿಂದಕ್ಕೆ ಬೀಳುವಷ್ಟು ಎಳೆದಿದ್ದೆ. ಅವಳು ಹಲ್ಲು ಕಚ್ಚಿ ಕೂತಿದ್ದಳು. ಅಪ್ಪನಿಗಾದರೆ ಉಪ್ಪು, ರೊಟ್ಟಿ ಸಾಕಾಗಿದ್ದವು. ಹಾಲು ಕುಡಿದಾದ ಮೇಲೆ ಪಾತ್ರೆಯ ತಳದಲ್ಲಿ ಹಲ್ಲಿ ಕಂಡಂತಾಯಿತು. ಯಾರ ಮೇಲೆ ಉಗುಳುವುದು? ಅವ್ವನ ಮುಂದೆ ಕೂತು ನಾನೂ ಸೊಪ್ಪು ಬಿಡಿಸಿದೆ.

ಅವ್ವ ಊರಿಗೆ ಹೋದ ಮೇಲಿನ ಭಾನುವಾರ ಮಗಳನ್ನು ಕರೆದುಕೊಂಡು ಅದೇ ಅಂಗಡಿಗೆ ಹೋದೆ. “ಈ ಸಲ ನೀನ ಆರಿಸು. ನಾ ಒಂದ ಮಾತು ಆಡಂಗಿಲ್ಲ” ಅಂದೆ. ನನ್ನ ಮುಖ ನೋಡಿ ಆರಿಸಬಾರದೆಂದು ಕಪಾಟಿನ ಆಚೆ ಬದಿಗೆ ಹೋಗಿ ನಿಂತೆ. ಡಬ್ಬಿಗಳ ಸಂದಿಯಿಂದ ಅವಳ ದನಿ ಕೇಳಿತು. ಅಂಗಡಿಯ ಅದೇ ಹೆಂಗಸನ್ನು ಮೆಲ್ಲಗೆ ಕೇಳುತ್ತಿದ್ದಳು: “ತಾಈ, ಆಈಲಾ ಜಿಂಕತಾ ಯೇಈಲ್ ಅಸಾ ಕುಠಲಾ ಆಹೇ?” ಅಮ್ಮನಿಗೆ ಗೆಲ್ಲಲು ಬರುವಂಥದ್ದು ಯಾವುದಿದೆ, ಎಂದು. ಆ ಹೆಂಗಸು ನಕ್ಕು, ಎಷ್ಟು ಮುದ್ದಾದ ಹುಡುಗಿ ಎಂದು ಅವಳ ಕೆನ್ನೆ ಹಿಂಡಿದಳು. ಆ ನಗು ಕೇಳಿ ನನಗೆ ಅಲ್ಲಿಯೇ ಏನಾದರೂ ಒಡೆದು ಹಾಕಬೇಕು ಅನಿಸಿತು.

ಅವರಿಬ್ಬರೂ ಆರಿಸಿದ್ದು ಹಕ್ಕಿಗಳ ಆಟ. ಬೋರ್ಡಿನ ಮೇಲೆ ಕೊಂಬೆಯಿಂದ ಕೊಂಬೆಗೆ ಹಾರುತ್ತ, ಬೋರಲು ಇಟ್ಟ ಹಣ್ಣಿನ ಬಿಲ್ಲೆಗಳನ್ನು ಕೂಡಿಸುತ್ತ ಹೋಗಬೇಕು. ಯಾವ ಬಿಲ್ಲೆಯ ಹಿಂದೆ ಎಷ್ಟು ಹಣ್ಣಿದೆಯೆಂದು ಕೊನೆಯಲ್ಲಿ ತಿರುಗಿಸುವ ತನಕ ಯಾರಿಗೂ ತಿಳಿಯುವುದಿಲ್ಲ. ಮಕ್ಕಳ ಆಟ, ಅಮ್ಮ ಕೂಡ ಸುಲಭವಾಗಿ ಗೆಲ್ಲುತ್ತಾಳೆ ಎಂದು ಆ ಹೆಂಗಸು ಹೇಳಿರಬೇಕು.

ಅದೇ ಸಂಜೆ ಆಡಿದೆವು. ಮಗಳು ನನಗೆ ಒಳ್ಳೊಳ್ಳೆಯ ಕೊಂಬೆ ಬಿಟ್ಟುಕೊಡುತ್ತಿದ್ದಳು. ನಾನೂ ಅವಳಿಗೆ ಬಿಟ್ಟುಕೊಟ್ಟೆ. ಸೋಲಲೇಬೇಕು, ಸೋತು ಚಪ್ಪಾಳೆ ತಟ್ಟಬೇಕು ಎಂದು ಬೆಳಗಿನಿಂದ ಮನಸ್ಸಿನಲ್ಲಿ ಅಭ್ಯಾಸ ಮಾಡಿಕೊಂಡಿದ್ದೆ. ಬಿಲ್ಲೆ ತಿರುಗಿಸುವ ಹೊತ್ತು ಬಂತು. ಗಂಡನ ರಾಶಿಯಲ್ಲಿ ಹನ್ನೆರಡು ಹಣ್ಣು. ನನ್ನದರಲ್ಲಿ ಹದಿನೈದು. ಮಗಳು ಒಂದೊಂದಾಗಿ ತಿರುಗಿಸಿದಳು. ಕೂಡಿದ ಲೆಕ್ಕ ನನ್ನದನ್ನು ದಾಟಿತು: ಹದಿನಾರು, ಹತ್ತೊಂಬತ್ತು, ಇಪ್ಪತ್ತಮೂರು. ಕೊನೆಯದನ್ನು ತಿರುಗಿಸದೆ ಬೆರಳಿನಡಿ ಒತ್ತಿ ಹಿಡಿದಳು.

“ನೀನೇ ಗೆದ್ದೆ ಕಣೇ ಪುಟ್ಟಿ!” ಅಂದರು ಗಂಡ.

ಚಪ್ಪಾಳೆಗೆ ನನ್ನ ಕೈ ಎದ್ದಿದ್ದವು. ಆದರೆ ಎದೆಯಿಂದ ಒಂದು ಉರಿ ಎದ್ದು ಕಿವಿಯವರೆಗೆ ಏರಿತು. ಸೋಲಬೇಕೆಂದೇ ಕೂತು ಸೋತರೂ ಆ ಉರಿ ಬಂತು. ಇಷ್ಟು ಗೊತ್ತಾದ ಮೇಲೂ ಬಂತಲ್ಲ ಎಂದು ನನ್ನ ಮೇಲೆ ನನಗೇ ಹೇಸಿಗೆಯಾಯಿತು. ಹೇಸಿಗೆಯಾದದ್ದರಿಂದ ಉರಿ ಏನೂ ಇಳಿಯಲಿಲ್ಲ. ಚಪ್ಪಾಳೆ ತಟ್ಟಿದೆ. ಸ್ವಲ್ಪ ತಡವಾಗಿತ್ತು, ಅಷ್ಟೇ.

ಮಗಳು ನನ್ನ ಮುಖ ನೋಡಿದಳು. ಬಿಲ್ಲೆಗಳನ್ನು ಬೇಗ ಬೇಗ ಬೋರಲು ಹಾಕಿ ಡಬ್ಬಿಗೆ ತುಂಬಿದಳು.

“ಹಿಂದೆ ಏನಿದೆ ಅಂತ ಕಾಣ್ಸಲ್ಲ ಅಮ್ಮ, ಅದಕ್ಕೇ ಹೀಗಾಯ್ತು” ಅಂದಳು. “ನೆಕ್ಸ್ಟ್ ಟೈಮ್ ಹುಷಾರಾಗಿ ಆಡ್ತೀನಿ.”